ಹೊಸ ರಿಸೀವರ್‌ಗೆ ಬಾಲ್ ಬರ್ತಿಲ್ಲ ಅಂದ್ರೆ ಮೊದಲು ಏನು ನೋಡಬೇಕು

ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳೋದು) ಮೊದಲ ಸುತ್ತಿನಲ್ಲೇ ಆಯ್ಕೆಯಾದ ನಿಮ್ಮ ತಂಡದ ವೈಡ್ ರಿಸೀವರ್, ಅಂದ್ರೆ ಮುಂದೆ ಓಡಿ ಪಾಸ್ ಹಿಡಿಯೋ ಆಟಗಾರ, ನಾಲ್ಕು ಪಂದ್ಯ ಆದ್ರೂ ಪಂದ್ಯಕ್ಕೆ ಎರಡೇ ಕ್ಯಾಚ್ ಹಿಡಿದಿರೋದಕ್ಕೆ ಕಾರಣ ಬಹುಶಃ ಅವಕಾಶದ ಕೊರತೆ. ಆಯ್ಕೆ ದಂಡವಾಯಿತಾ ಅಂತ ಕೇಳೋಕೆ ಇನ್ನೂ ಬೇಗ.

ಮೊದಲು ಸ್ನ್ಯಾಪ್ ಎಣಿಕೆ ನೋಡಿ. ಬಾಲ್ ಹಿಂದಕ್ಕೆ ಕೊಟ್ಟು ಪ್ರತಿ ಆಟ ಶುರು ಮಾಡೋದೇ ಸ್ನ್ಯಾಪ್. ಅರ್ಧದಷ್ಟು ಸ್ನ್ಯಾಪ್‌ಗೂ ಅವನು ಮೈದಾನದಲ್ಲಿ ಇಲ್ಲ ಅಂದ್ರೆ, ಪ್ಲೇಬುಕ್ (ತಂಡದ ಆಟದ ಯೋಜನೆಗಳ ಪುಸ್ತಕ) ಇನ್ನೂ ಕೈಗೆ ಹತ್ತಿಲ್ಲದಿರಬಹುದು. ಸ್ನ್ಯಾಪ್ ಜಾಸ್ತಿ ಇದ್ದರೆ ಟಾರ್ಗೆಟ್, ಅಂದ್ರೆ ಅವನತ್ತ ಎಷ್ಟು ಸಲ ಬಾಲ್ ಎಸೆದರು ಅಂತ ನೋಡಿ. ಅದು ವಾರದಿಂದ ವಾರಕ್ಕೆ ಏರುತ್ತಿದ್ದರೆ ಒಳ್ಳೆಯ ಸುದ್ದಿ.

ಆಮೇಲೆ ಆಲ್-22 ವಿಡಿಯೊ, ಅಂದ್ರೆ ಎರಡೂ ತಂಡದ 22 ಆಟಗಾರರೂ ಕಾಣೋ ವಿಡಿಯೊ. ಟಿವಿ ಕ್ಯಾಮೆರಾ ಬಾಲ್ ಹಿಂದೆ ಹೋಗುತ್ತೆ, ರಿಸೀವರ್ ಕಾಣೋದೇ ಇಲ್ಲ. ಆಲ್-22ರಲ್ಲಿ ಅವನ ಮೊದಲ ಮೂರು ಹೆಜ್ಜೆ ಗಮನಿಸಿ. ಕಾರ್ನರ್‌ಬ್ಯಾಕ್ (ರಿಸೀವರ್‌ನನ್ನು ಕಾಯೋ ಎದುರಾಳಿ) ಎದೆಗೆ ಕೈ ಕೊಟ್ಟು ತಡೆದಾಗ ಭುಜ ತಿರುಗಿಸಿ ನುಸುಳ್ತಾನಾ, ಅಲ್ಲೇ ಸಿಕ್ಕಿಬೀಳ್ತಾನಾ? ಕಾಲೇಜಿನಿಂದ ಬಂದ ಎಷ್ಟೋ ಹುಡುಗರಿಗೆ ಕಷ್ಟವಾಗೋದು ಇಲ್ಲೇ. ಕೋಚ್ ಯಾವ ರೂಟ್ (ಓಡಬೇಕಾದ ದಾರಿ) ಹೇಳಿದ್ದರು ಅಂತ ಹೊರಗಿನವರಿಗೆ ಖಚಿತವಾಗಿ ಗೊತ್ತಾಗಲ್ಲ, ಒಂದೇ ಪಂದ್ಯ ನೋಡಿ ತೀರ್ಮಾನಿಸಬೇಡಿ.

2024ರಲ್ಲಿ ಚೀಫ್ಸ್ ತಂಡ ಝೇವಿಯರ್ ವರ್ದಿಯನ್ನು ತಂದಾಗ ನಾನೂ ಹೀಗೇ ಲೆಕ್ಕ ಇಟ್ಟಿದ್ದೆ. 40 ಗಜವನ್ನು 4.21 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದ ಹುಡುಗ. ಲೀಗ್ ಹಂತದಲ್ಲಿ ಕ್ಯಾಚ್‌ಗಳಿಂದ ಗಳಿಸಿದ್ದು ಒಟ್ಟು 638 ಗಜ ಅಷ್ಟೇ. ಫೈನಲ್ ಆದ ಸೂಪರ್ ಬೌಲ್ ಒಂದರಲ್ಲೇ 157 ಗಜ, 2 ಟಚ್‌ಡೌನ್ (ಬಾಲನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿ ಅಂಕ ಗಳಿಸೋದು)! ಇನ್ನೊಬ್ಬ ರಿಸೀವರ್ ಡವಾಂಟೆ ಆಡಮ್ಸ್‌ಗಂತೂ ಕುದುರಿದ್ದು ಮೂರನೇ ವರ್ಷ, 2016ರಲ್ಲಿ. ಆಗ 12 ಟಚ್‌ಡೌನ್.

ಸೀಸನ್ ಅರ್ಧ ಮುಗಿಯುವವರೆಗೆ ಸ್ನ್ಯಾಪ್, ಟಾರ್ಗೆಟ್ ಎರಡನ್ನೂ ಬರೆದಿಡಿ. ಗಾಯ ಇಲ್ಲದೆಯೂ ಎರಡೂ ಇಳಿಯುತ್ತಾ ಹೋದರೆ ಆಗ ಚಿಂತೆ ಮಾಡಿ.