60 ತುಂಬಿದ ಮೇಲೂ ಹೋಸ್ ಹಿಡಿಯಬಹುದೇ?

ಪ್ರಶ್ನೆ: ನಮ್ಮ ತಂದೆ ಅಗ್ನಿಶಾಮಕ ಇಲಾಖೆಯಲ್ಲಿ ‘ಪ್ರಮುಖ ಅಗ್ನಿಶಾಮಕ’ (ಲೀಡಿಂಗ್ ಫೈರ್‌ಮನ್) ಹುದ್ದೆಯಲ್ಲಿದ್ದಾರೆ. ಬರುವ ಏಪ್ರಿಲ್ 1ಕ್ಕೆ 60 ತುಂಬುತ್ತದೆ. ಇನ್ನೂ ಗಟ್ಟಿಮುಟ್ಟಾಗಿದ್ದಾರೆ. ಸೇವೆಯಲ್ಲಿ ಮುಂದುವರಿಯಬಹುದೇ?
– ಓದುಗರು, ತಿಪಟೂರು

ಉತ್ತರ: ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬುವ ತಿಂಗಳ ಕೊನೆಯ ದಿನ ನಿವೃತ್ತಿ. ಹುಟ್ಟಿದ್ದು 1ನೇ ತಾರೀಖಾದರೆ ಹಿಂದಿನ ತಿಂಗಳ ಕೊನೆಯ ದಿನವೇ. ಹಾಗಾಗಿ ತಂದೆಯವರ ಸೇವೆ ಮಾರ್ಚ್ 31ಕ್ಕೇ ಮುಗಿಯುತ್ತದೆ. ಪಿಂಚಣಿ ಕಾಗದಗಳು ಆ ಲೆಕ್ಕದಲ್ಲೇ ಸಿದ್ಧವಾಗಲಿ. ದೇಹ ಗಟ್ಟಿಯಿದೆ ಎಂದು ಅವಧಿ ಹೆಚ್ಚಿಸಿಕೊಳ್ಳುವ ಹಕ್ಕಿಲ್ಲ. ಸರ್ಕಾರಕ್ಕೆ ಬೇಕೆನಿಸಿದರೆ ಗುತ್ತಿಗೆ ಮೇಲೆ ಮತ್ತೆ ತೆಗೆದುಕೊಳ್ಳಬಹುದು.

ಹಾಗೆ ತೆಗೆದುಕೊಂಡರೂ ಬೆಂಕಿಯ ಎದುರಿಗೆ ಕಳಿಸಬಾರದು ಎಂಬುದೇ ನಮ್ಮ ಖಚಿತ ಅಭಿಪ್ರಾಯ. 15 ಮೀಟರ್ ಉದ್ದದ, 63 ಮಿ.ಮೀ. ವ್ಯಾಸದ ಹೋಸ್ (ನೀರು ಹಾಯಿಸುವ ಪೈಪು) ತುಂಬಿದರೆ ಒಳಗಿನ ನೀರೇ ಸುಮಾರು 47 ಕಿಲೋ. ಬೆನ್ನಿಗೆ ಉಸಿರಾಟದ ಸೆಟ್ ಬೇರೆ. ಅದರ 6.8 ಲೀಟರ್ ಸಿಲಿಂಡರ್‌ಗೆ 300 ಬಾರ್ ಒತ್ತಡದಲ್ಲಿ ಹಿಡಿಯುವುದು ಸುಮಾರು 2,000 ಲೀಟರ್ ಗಾಳಿ. ನಿಮಿಷಕ್ಕೆ 40 ಲೀಟರ್ ಎಳೆದರೆ 50 ನಿಮಿಷ; ಏದುಸಿರು ಬಂದು 80 ಲೀಟರ್ ಎಳೆದರೆ ಇಪ್ಪತ್ತೈದೇ. ಹೊರಬರುವಷ್ಟು ಗಾಳಿಯನ್ನೂ ಇದರಲ್ಲೇ ಉಳಿಸಬೇಕು. ಇನ್ನು ಹೃದಯ: 220ರಲ್ಲಿ ವಯಸ್ಸು ಕಳೆಯುವ ಅಂದಾಜಿನಲ್ಲಿ ಬಡಿತದ ಮೇಲ್ಮಿತಿ 30ಕ್ಕೆ 190, 60ಕ್ಕೆ 160. ಹೊರೆ ಮಾತ್ರ ಇಬ್ಬರಿಗೂ ಒಂದೇ. ಬೆಳಗಿನ ವಾಕಿಂಗ್ ಸಲೀಸಾಗಿ ಆಗುತ್ತದೆ ಎಂಬುದು ಇಲ್ಲಿ ಪುರಾವೆಯಲ್ಲ. ಮಲಗಿಸಿ ತೆಗೆದ ಇ.ಸಿ.ಜಿ.ಯೂ ಸಾಲದು; ರಕ್ತನಾಳದ ಅಡಚಣೆ ಎಷ್ಟೋ ಸಲ ಶ್ರಮಪಟ್ಟಾಗಲೇ ಕಾಣುವುದು. ಹೃದ್ರೋಗ ತಜ್ಞರ ಸಲಹೆಯಂತೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿಸಿ.

ಆದರೆ ಇಂಥವರ ಅನುಭವ ಮನೆಯಲ್ಲಿ ಕೂರುವುದು ದೊಡ್ಡ ನಷ್ಟ. ನಿಮ್ಮ ಕಡೆಯ ತೆಂಗಿನ ನಾರಿನ ರಾಶಿಯನ್ನೇ ನೋಡಿ. ಮೇಲೆ ನೀರು ಹೊಡೆದರೆ ಜ್ವಾಲೆ ಅಡಗುತ್ತದೆ, ಒಳಗೆ ಕೆಂಡ ಕಾಯುತ್ತಲೇ ಇರುತ್ತದೆ, ಗಾಳಿ ಬೀಸಿದರೆ ಮಾರನೇ ದಿನ ಮತ್ತೆ ಹೊತ್ತಿಕೊಳ್ಳುತ್ತದೆ. ಜೆಸಿಬಿಯಿಂದ ಪದರ ಪದರವಾಗಿ ಬಿಡಿಸಿ ನೆನೆಸಬೇಕು. ಎಲ್ಲಿಂದ ಬಿಡಿಸಬೇಕು, ಗಾಳಿ ಯಾವ ಕಡೆ ತಿರುಗೀತು ಎಂದು ಹೊಸಬರಿಗೆ ತೋರಿಸಿಕೊಡುವವರು ಬೇಕು. ತರಬೇತಿ, ಅಣಕು ಪ್ರದರ್ಶನ, ಹೈಡ್ರಂಟ್ (ಬೆಂಕಿ ಆರಿಸಲು ನೀರು ಕೊಡುವ ಕೊಳಾಯಿ) ತಪಾಸಣೆಗೂ ಅವರೇ ಸರಿ.

ಪ್ರಶ್ನೆ: ಅಮೆರಿಕದಲ್ಲಿ ವಯಸ್ಸು ಮೀರಿದರೂ ಇಟ್ಟುಕೊಳ್ಳುತ್ತಾರಂತೆ?
– ಓದುಗರು, ತುಮಕೂರು

ಉತ್ತರ: ಅಲ್ಲಿನ ಕೇಂದ್ರ ಸರ್ಕಾರದ ಅಗ್ನಿಶಾಮಕರಿಗೆ 20 ವರ್ಷ ಸೇವೆಯಾಗಿದ್ದರೆ 57ಕ್ಕೇ ನಿವೃತ್ತಿ. ಸಾರ್ವಜನಿಕ ಹಿತಕ್ಕೆ ಅಗತ್ಯವೆನಿಸಿದರೆ ಇಲಾಖೆಯ ಮುಖ್ಯಸ್ಥರು 60ರವರೆಗೆ ಮುಂದುವರಿಸಬಹುದು. ಅಂದರೆ ಅಲ್ಲಿ ವಿನಾಯಿತಿ ಮುಗಿಯುವ ವಯಸ್ಸೇ ನಮ್ಮಲ್ಲಿ ಮಾಮೂಲಿ ನಿವೃತ್ತಿಯ ವಯಸ್ಸು.