ಪ್ರತಿಕ್ರಿಯೆ: ಓಟಿಪಿ ಬಾರದೆಯೇ ಹತ್ತು ಸಾವಿರ ಹೋದದ್ದು ಹೇಗೆ?

ಬ್ಯಾಂಕ್ ಖಾತೆಯಿಂದ ಹತ್ತು ಸಾವಿರ ಹೋಯಿತೆಂದು ಬರೆದಿದ್ದೀರಿ. ಓಟಿಪಿ ಬಂದಿಲ್ಲ, ಕಾರ್ಡು ನಿಮ್ಮ ಬಳಿಯೇ ಇದೆ, ಬ್ಯಾಂಕಿನ ಸಂದೇಶದಲ್ಲಿ ‘ಎಇಪಿಎಸ್’ (ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ) ಎಂದಿದೆ. ಹಾಗಾದರೆ ಹಣ ತೆಗೆದಿರುವುದು ಬೆರಳಚ್ಚಿನಿಂದ. ಆ ವ್ಯವಸ್ಥೆಗೆ ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಇಷ್ಟಿದ್ದರೆ ಸಾಕು. ಕಳೆದ ತಿಂಗಳು ನಿವೇಶನ ನೋಂದಣಿ ಮಾಡಿಸಿದ್ದಾಗಿ ಬರೆದಿದ್ದೀರಿ. ಕ್ರಯಪತ್ರದ ಹೆಬ್ಬೆಟ್ಟಿನ ಗುರುತನ್ನು ಸಿಲಿಕಾನ್ ಮೇಲೆ ಇಳಿಸಿ ಹಣ ದೋಚಿದ ಪ್ರಕರಣಗಳಿವೆ; ನಿಮ್ಮದೂ ಅಲ್ಲಿಂದಲೇ ಸೋರಿತೆಂದು ಖಚಿತವಾಗಿ ಹೇಳಲಾರೆ.

ಮೊದಲು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ. ಕೂಡಲೇ ಆಧಾರ್ ನೀಡುವ ಸಂಸ್ಥೆಯಾದ ಯುಐಡಿಎಐ ಜಾಲತಾಣದಲ್ಲಿ, ನಿಮ್ಮ ಬೆರಳಚ್ಚು ಬಳಕೆಯಾಗದಂತೆ ಬಯೋಮೆಟ್ರಿಕ್ ಲಾಕ್ ಮಾಡಿ. ಇದನ್ನು ನಾಳೆಗೆ ಬಿಟ್ಟರೆ ನಾಳೆಯೂ ತೆಗೆಯುತ್ತಾರೆ. ಪಡಿತರಕ್ಕೆ ಬೆರಳು ಒತ್ತುವ ದಿನ ಲಾಕನ್ನು ತಾತ್ಕಾಲಿಕವಾಗಿ ತೆರೆದುಕೊಳ್ಳಬಹುದು, ಚಿಂತೆ ಬೇಡ. ಅದೇ ಜಾಲತಾಣದಲ್ಲಿ ಆರು ತಿಂಗಳ ದೃಢೀಕರಣದ ವಿವರವೂ, ಅಂದರೆ ನಿಮ್ಮ ಆಧಾರ್ ಯಾವಾಗ ಬಳಕೆಯಾಯಿತೆಂಬ ಪಟ್ಟಿ, ಸಿಗುತ್ತದೆ; ಮುದ್ರಿಸಿಕೊಳ್ಳಿ.

ಆಮೇಲೆ ಬ್ಯಾಂಕ್ ಶಾಖೆಗೆ ಲಿಖಿತ ದೂರು ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕದೊಂದಿಗೆ ಮೊಹರು ಹಾಕಿಸಿಕೊಳ್ಳಿ. ರಿಸರ್ವ್ ಬ್ಯಾಂಕಿನ 2017ರ ಸುತ್ತೋಲೆಯಂತೆ, ಮೂರನೆಯವರು ಮಾಡಿದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ನಷ್ಟ ನಿಮ್ಮದಲ್ಲ. ‘ನೀವೇ ಬೆರಳು ಒತ್ತಿದ್ದೀರಿ’ ಎಂದು ಕೌಂಟರಿನಲ್ಲಿ ವಾದಿಸುತ್ತಾರೆ, ನನಗೂ ಹಾಗೆಯೇ ಹೇಳಿದ್ದರು. ಆ ಹೊತ್ತಿನಲ್ಲಿ ನೀವು ಕೆಲಸದಲ್ಲಿದ್ದಿರೆಂಬುದಕ್ಕೆ ಹಾಜರಾತಿಯ ಪ್ರತಿಯನ್ನು ಲಗತ್ತಿಸಿ.