ಹಕ್ಕಿ ಚಿತ್ರವನ್ನು ಎಷ್ಟು ಕ್ರಾಪ್ ಮಾಡಬಹುದು? ಹಕ್ಕಿಯನ್ನು ಫ್ರೇಮಿನಲ್ಲಿ ಎಲ್ಲಿ ಕೂರಿಸಬೇಕು?

ರಂಗನತಿಟ್ಟಿನ ದೋಣಿಯಲ್ಲಿ ಕೂತು, 24 ಮೆಗಾಪಿಕ್ಸೆಲ್ ಕ್ಯಾಮೆರಾ ಮತ್ತು 70-300 ಎಂಎಂ ಲೆನ್ಸಿನಲ್ಲಿ ಮಿಂಚುಳ್ಳಿ ತೆಗೆದಿದ್ದೀರಿ. ಹಕ್ಕಿ ತೀರಾ ಚಿಕ್ಕದಾಗಿ ಬಂದಿದೆ, ಕ್ರಾಪ್ ಮಾಡಿದರೆ, ಅಂದರೆ ಸುತ್ತಲಿನ ಅಂಚು ಕತ್ತರಿಸಿದರೆ, ಮಂಜು ಮಂಜಾಗುತ್ತೆ ಅಂತ ಬರೆದಿದ್ದೀರಿ. ನಾನೂ ಇಂಥದೇ ಲೆನ್ಸ್ ಹಿಡಿದು ಅಲ್ಲಿನ ದೋಣಿಗಳಲ್ಲಿ ಹಲವು ವರ್ಷ ಸುತ್ತಿದ್ದೇನೆ. ಅಲ್ಲಿ ಕಲಿತದ್ದನ್ನೇ ಹೇಳುತ್ತೇನೆ.

ಮೊದಲು ಲೆಕ್ಕ. ನಿಮ್ಮ ಪೂರ್ತಿ ಚಿತ್ರ ಸುಮಾರು 6000 ಪಿಕ್ಸೆಲ್ ಅಗಲ, 4000 ಎತ್ತರ. ಎರಡನ್ನೂ ಅರ್ಧ ಮಾಡಿದರೆ ಸಿಗೋದು 3000 ಮತ್ತು 2000. ಅಂದರೆ 24ರಲ್ಲಿ ಬರೀ 6 ಮೆಗಾಪಿಕ್ಸೆಲ್ ಉಳಿಯಿತು. ಇಂಚಿಗೆ 300 ಪಿಕ್ಸೆಲ್ ಅಂತ ಹಿಡಿದರೂ 10 ಇಂಚು ಅಗಲದ ಪ್ರಿಂಟ್ ಚೆನ್ನಾಗಿ ಬರುತ್ತದೆ. ಇನ್ನೊಂದು ಸಲ ಅರ್ಧ ಮಾಡಿದರೆ 1500 ಅಗಲ. ಫೋನಿನಲ್ಲಿ ನೋಡೋಕೆ ಸಾಕು, ಗೋಡೆಗೆ ಹಾಕೋಕೆ ಸಾಲದು. ನಾನು ಮೊದಲನೇ ಅರ್ಧಕ್ಕೇ ನಿಲ್ಲಿಸುತ್ತೇನೆ.

ಆದರೆ ಮಂಜಾಗೋದು ಕ್ರಾಪ್‌ನಿಂದಲೇ ಅಂತ ಅಂದುಕೊಳ್ಳಬೇಡಿ. ಕತ್ತರಿಸುವ ಮೊದಲು ಚಿತ್ರವನ್ನು 100%ಗೆ ಹಿಗ್ಗಿಸಿ ಕಣ್ಣು ನೋಡಿ. ಕಣ್ಣೇ ಚೂಪಾಗಿಲ್ಲ ಅಂದರೆ ಕ್ರಾಪ್ ಮಾಡಿ ಪ್ರಯೋಜನ ಇಲ್ಲ, ಇದ್ದ ದೋಷವೇ ದೊಡ್ಡದಾಗಿ ಕಾಣುತ್ತದೆ. ದೋಣಿ ಅಲುಗುತ್ತಲೇ ಇರುತ್ತದೆ, ಹಾಗಾಗಿ 300 ಎಂಎಂನಲ್ಲಿ ಷಟರ್ ವೇಗ 1/1000 ಸೆಕೆಂಡಿಗಿಂತ ನಿಧಾನ ಇಡಬೇಡಿ. ಬಿಸಿಲೇರಿದ ಮೇಲೆ ನೀರಿನ ಮೇಲಿನ ಗಾಳಿ ಕುದಿಯೋ ಹಾಗೆ ಆಡುತ್ತದೆ. ಆಗ ದೂರದ ಹಕ್ಕಿ ಎಷ್ಟೇ ಒಳ್ಳೆಯ ಲೆನ್ಸಿನಲ್ಲೂ ಮೆತ್ತಗೇ ಬರುತ್ತದೆ. ಬೆಳಗ್ಗೆ ಮೊದಲ ದೋಣಿಗೇ ಹೋಗಿ.

ಈಗ ಹಕ್ಕಿಯನ್ನು ಎಲ್ಲಿ ಕೂರಿಸಬೇಕು ಅನ್ನೋದು. ನನಗೆ ತುಂಬಾ ಮುಖ್ಯ ಅನ್ನಿಸೋದು ಇದೇ. ಹಕ್ಕಿ ನೋಡುವ ಕಡೆ ಜಾಗ ಬಿಡಿ ಅಂತ ಎಲ್ಲರೂ ಹೇಳುತ್ತಾರೆ, ನಿಜ. ಆದರೆ ಮಿಂಚುಳ್ಳಿ ನೋಡೋದು ಮುಂದಕ್ಕಲ್ಲ, ಕೆಳಗೆ ನೀರಿಗೆ. ಅದರ ಮೀನು ಇರೋದು ಅಲ್ಲಿ. ಹಾಗಾಗಿ ಎಡಕ್ಕೆ ಬಗ್ಗಿ ನೋಡುತ್ತಿದ್ದರೆ ಹಕ್ಕಿಯನ್ನು ಬಲಗಡೆ ಮೇಲಕ್ಕೆ ಇಟ್ಟು, ಎಡಕ್ಕೂ ಕೆಳಕ್ಕೂ ನೀರು ಬಿಡಿ. ನೀರು ಕಂಡರೆ ಅದು ಕಾಯುತ್ತಿದೆ ಅಂತ ಗೊತ್ತಾಗುತ್ತದೆ. ನೀರು ಕತ್ತರಿಸಿದರೆ ಸುಮ್ನೆ ಕೂತ ಒಂದು ನೀಲಿ ಹಕ್ಕಿ, ಅಷ್ಟೇ.

ಕೂತ ಕೊಂಬೆಯನ್ನೂ ನೋಡಿ. ಅದು ಫ್ರೇಮಿನ ಯಾವುದಾದರೂ ಅಂಚಿನಿಂದ ಒಳಗೆ ಬರಬೇಕು, ಇಲ್ಲದಿದ್ದರೆ ಗಾಳಿಯಲ್ಲಿ ತೇಲಿದ ಹಾಗಿರುತ್ತದೆ. ಹಿಕ್ಕೆ ಬಿದ್ದು ಬೆಳ್ಳಗಾದ ಬಂಡೆ ಅಂಚಿನಲ್ಲಿದ್ದರೆ ಕಣ್ಣು ಮೊದಲು ಅಲ್ಲಿಗೇ ಹೋಗುತ್ತದೆ. ಅದನ್ನು ಹೊರಗೆ ಹಾಕಿ. ಬಾಲದ ತುದಿ, ಕಾಲಿನ ಬೆರಳು ಕತ್ತರಿಸಬೇಡಿ. ಬಣ್ಣದ ಕೊಕ್ಕರೆ ನೀರಿನಲ್ಲಿ ನಿಂತಿದ್ದರೆ ಚಿತ್ರವನ್ನು ಅಗಲಕ್ಕಿಂತ ಎತ್ತರ ಹೆಚ್ಚಿರುವ ಹಾಗೆ ಇಟ್ಟು ಪೂರ್ತಿ ಪ್ರತಿಬಿಂಬ ಉಳಿಸಿ. ಕುತ್ತಿಗೆಯವರೆಗೆ ಬಂದು ನಿಂತ ಪ್ರತಿಬಿಂಬ ನೋಡೋಕೆ ಕಸಿವಿಸಿ ಆಗುತ್ತದೆ. ನೀರಿನ ಗೆರೆ ಓರೆಯಾಗಿದ್ದರೆ ಮೊದಲು ಅದನ್ನು ನೆಟ್ಟಗೆ ಮಾಡಿ, ಆಮೇಲೆ ಕ್ರಾಪ್. ತಿರುಗಿಸಿದಾಗ ನಾಲ್ಕೂ ಅಂಚು ಸ್ವಲ್ಪ ಸ್ವಲ್ಪ ಹೋಗುತ್ತದೆ.

ಒಂದು ಸಲ ಹಾವಕ್ಕಿಯೊಂದು (ಡಾರ್ಟರ್) ಬಂಡೆಯ ಪಕ್ಕದಲ್ಲೇ ಮುಳುಗಿ, ಕೊಕ್ಕಿನಲ್ಲಿ ಮೀನು ಚುಚ್ಚಿಕೊಂಡು ಎದ್ದಿತು. ಎರಡು ಸಲ ಕೊಡವಿತು, ಮೀನನ್ನು ಮೇಲಕ್ಕೆ ಎಸೆಯಿತು, ತಲೆ ಕಡೆಯಿಂದ ನುಂಗಿತು. ಮೀನು ಗಾಳಿಯಲ್ಲಿದ್ದ ಒಂದು ಚಿತ್ರ ಸಿಕ್ಕಿತ್ತು. ಅದನ್ನು ನಾನು ಹಕ್ಕಿ ದೊಡ್ಡದಾಗಿ ಕಾಣಲಿ ಅಂತ ಬಿಗಿಯಾಗಿ ಕತ್ತರಿಸಿ, ಮೂಲ ಫೈಲಿನ ಮೇಲೆಯೇ ಸೇವ್ ಮಾಡಿಬಿಟ್ಟೆ. ಮೀನು ಈಗ ಮೇಲಿನ ಅಂಚಿಗೆ ತಾಗಿಕೊಂಡಿದೆ. ಅದರ ಮೇಲೆ ಚಿಮ್ಮಿದ್ದ ನೀರ ಹನಿಗಳು ಇಲ್ಲ, ಹಿಂದಿನ ಬಂಡೆ ಇಲ್ಲ. ಇವತ್ತಿಗೂ ಬೇಜಾರು. ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲು) ತೆಗೆಯಿರಿ, ಅದರಲ್ಲಿ ಕ್ರಾಪ್ ಯಾವಾಗ ಬೇಕಾದರೂ ವಾಪಸ್ ಬಿಡಿಸಬಹುದು. ಜೆಪೆಗ್ ಆದರೆ ಮೊದಲು ಒಂದು ಪ್ರತಿ ಮಾಡಿಕೊಳ್ಳಿ.

ಕೆಲವು ಚಿತ್ರಗಳನ್ನು ಕ್ರಾಪ್ ಮಾಡಲೇಬಾರದು. ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಊರೊಳಗಿನ ಮರಗಳಲ್ಲೇ ಗೂಡು ಕಟ್ಟುತ್ತವೆ. ಕೆಳಗೆ ಮನೆ, ದನ, ಮನೆ ಮುಂದೆ ಕೂತ ಜನ. ಅಲ್ಲಿಗೆ ಹೋಗಿ ಹೆಜ್ಜಾರ್ಲೆಯ ಬರೀ ತಲೆ ಕತ್ತರಿಸಿ ತೋರಿಸಿದರೆ ಅದನ್ನು ಮೃಗಾಲಯದಲ್ಲೂ ತೆಗೆಯಬಹುದಿತ್ತು ಅಲ್ವಾ? ಹುಣಸೆ ಮರ, ಹೆಂಚಿನ ಮನೆ, ಗೂಡು ಮೂರೂ ಇರಲಿ. ಹಕ್ಕಿ ಚಿಕ್ಕದಾದರೂ ಪರವಾಗಿಲ್ಲ.

ಮುಂದೆ ಸ್ಪರ್ಧೆಗೆ ಕಳಿಸೋ ಯೋಚನೆ ಇದ್ದರೆ ಒಂದು ಮಾತು. ಎಫ್‌ಐಎಪಿ, ಪಿಎಸ್‌ಎ ಎಂಬ ಛಾಯಾಗ್ರಹಣ ಸಂಸ್ಥೆಗಳ ನಿಯಮ ಪಾಲಿಸುವ ಸಲೂನ್‌ಗಳ (ಫೋಟೋ ಸ್ಪರ್ಧೆಗಳ) ನೇಚರ್ ವಿಭಾಗದಲ್ಲಿ ಕ್ರಾಪ್ ಮಾಡಬಹುದು. ಆದರೆ ಹಕ್ಕಿಯ ಮುಂದೆ ಅಡ್ಡ ಬಂದ ಕಡ್ಡಿಯನ್ನು ಅಳಿಸುವಂತಿಲ್ಲ.

ಕೊನೆಗೆ, ಚಿಕ್ಕದಾಗಿ ಬಂತು ಅಂತ ಮುಂದಿನ ಸಲ ಇನ್ನೂ ಹತ್ತಿರ ಹೋಗೋಕೆ ನೋಡಬೇಡಿ. ರಿವರ್ ಟರ್ನ್ ಅಂತೀವಲ್ಲ, ಆ ರೀವ ಹಕ್ಕಿ ರಂಗನತಿಟ್ಟಿನಲ್ಲಿ ಬೇಸಿಗೆಯಲ್ಲಿ ಬರೀ ಬಂಡೆಯ ಮೇಲೆ ಮೊಟ್ಟೆ ಇಡುತ್ತದೆ. ಅದಕ್ಕೆ ನೆರಳು ಅಂದರೆ ತಾಯಿ ಅಥವಾ ತಂದೆಯ ಮೈ ಮಾತ್ರ. ಹೆದರಿ ಎದ್ದು ಹಾರಿದರೆ ಮೊಟ್ಟೆ ನೇರ ಬಿಸಿಲಿಗೆ ಬೀಳುತ್ತದೆ. ಇನ್ನೂ ಸ್ವಲ್ಪ ಪಕ್ಕಕ್ಕೆ ಹೋಗಣ್ಣ ಅಂತ ದೋಣಿಯವರನ್ನು ಒತ್ತಾಯ ಮಾಡಬೇಡಿ. ದೂರದಿಂದಲೇ ತೆಗೆದುಕೊಳ್ಳಿ, ಉಳಿದದ್ದನ್ನು ಮನೆಗೆ ಬಂದು ಕ್ರಾಪ್‌ನಲ್ಲಿ ಮಾಡಿ.